ಅತ್ತೆ ಮುಟ್ಟದ ಕಾಫಿ

ಮಹಿಳಾ ಸಮಸ್ಯೆಗಳ ಬಗ್ಗೆ ಬ್ಲಾಗ್ ಬರೆಯುವವರಿಗೆ ವಿಷಯಕ್ಕೆ ಬರವಿಲ್ಲ. ಬರ ಏನಿದ್ದರೂ ಓದುಗರಿಗೆ. ಗೋಪಾಳ ಬಡಾವಣೆಯ ನಮ್ಮ ಮನೆಯ ಊಟದ ಮೇಜಿನ ಮುಂದೆ ಕುಳಿತು ನಾನು ಸ್ತ್ರೀ ಸಮಾನತೆ, ಸ್ತ್ರೀ ಸಬಲೀಕರಣ, ಸ್ತ್ರೀ ಅಸ್ಮಿತೆ ಎಂದು ವಾರಕ್ಕೊಂದು ಬರೆದು ಹಾಕುತ್ತಿದ್ದೆ. ಓದುತ್ತಿದ್ದವರು ನನ್ನ ತಂಗಿ ಮತ್ತು ನಮ್ಮ ಯಜಮಾನರು. ತಂಗಿ ಓದದೆಯೇ ಹೆಬ್ಬೆಟ್ಟು ಒತ್ತುತ್ತಾಳೆ. ಯಜಮಾನರು ಪೂರ್ತಿ ಓದಿ, ತುಂಬಾ ಪ್ರೌಢವಾಗಿದೆ ಅನ್ನುತ್ತಾರೆ. ಉಪ್ಪಿಟ್ಟು ಗಂಟುಕಟ್ಟಿದ ದಿನವೂ ಅವರು ಇದೇ ಧ್ವನಿಯಲ್ಲಿ ಚೆನ್ನಾಗಿದೆ ಅನ್ನುವುದರಿಂದ ನನಗೆ ಅರ್ಥವಾಗುತ್ತದೆ.

ಒಂದು ವಾರ ಏನೂ ಹೊಳೆಯದೆ ನನ್ನ ಹೊಟ್ಟೆಯುರಿಯನ್ನೇ ಬರೆದುಬಿಟ್ಟೆ. ನಮ್ಮತ್ತೆ ಭದ್ರಾವತಿಯಲ್ಲಿ ಮೈದುನನ ಮನೆಯಲ್ಲಿದ್ದಾರೆ. ಕಣ್ಣಿನ ಡಾಕ್ಟರಿಗೆ ತೋರಿಸಲು, ನಮ್ಮೂರಿನ ಗಾಂಧಿ ಬಜಾರಿನಲ್ಲಿ ಹೂಬತ್ತಿ ಕೊಳ್ಳಲು ಎಂದು ಆಗಾಗ ಬಂದು ನಮ್ಮಲ್ಲಿ ಊಟ ಮಾಡಿ ಅವತ್ತೇ ಹಿಂತಿರುಗುತ್ತಾರೆ. ಕಾರು ಕಳಿಸುತ್ತೇವೆಂದರೆ, ನನಗೇನು ಕೈಕಾಲಿಲ್ಲವೇ ಎಂದು ಬಸ್ಸೇ ಹತ್ತುತ್ತಾರೆ. ಅದೆಲ್ಲ ಸರಿ, ಆದರೆ ನನ್ನ ಕಾಫಿ ಲೋಟವನ್ನು ಮಾತ್ರ ಮುಟ್ಟುವುದಿಲ್ಲ. ಇದೇ ಅತ್ತೆ ಅಲ್ಲಿ ನನ್ನ ಓರಗಿತ್ತಿಯ ಕಾಫಿಯನ್ನು ಕೇಳಿ ಹಾಕಿಸಿಕೊಳ್ಳುವುದನ್ನು ಕಣ್ಣಾರೆ ಕಂಡಿದ್ದೇನೆ. ನನ್ನ ಕಾಫಿ ಏನು ಪಾಪ ಮಾಡಿದೆ, ಬಲ್ಲವರು ಹೇಳಿ ಎಂದು ಬರೆದು ಮುಗಿಸಿದೆ. ಸಮಾನತೆಯ ಸುದ್ದಿಯೇ ಅದರಲ್ಲಿರಲಿಲ್ಲ.

ಬೆಳಿಗ್ಗೆ ನೋಡಿದರೆ ಬ್ಲಾಗಿನ ಕೆಳಗೆ ಸಂತೆ ನೆರೆದಿತ್ತು. ಆಯನೂರಿನಿಂದ ದಿನಾ ಓಡಾಡುವ ಟೀಚರೊಬ್ಬರು ಬರೆದಿದ್ದರು: ‘ಅದು ಕಾಫಿ ತಪ್ಪಲ್ಲ ಮೇಡಂ, ಬಸ್ಸಿಂದು. ನಾನೂ ಮನೆ ಬಿಡೋ ಮುಂಚೆ ನೀರು ಕುಡಿಯಲ್ಲ. ಅರ್ಜೆಂಟಾದ್ರೆ ದಾರೀಲಿ ಎಲ್ಲಿಗೆ ಹೋಗೋದು?’ ಬಟ್ಟೆ ಅಂಗಡಿಯ ಹುಡುಗಿಯೊಬ್ಬಳು ಟಾಯ್ಲೆಟ್ಟಿನ ಕೀಲಿಯನ್ನು ಗಲ್ಲಾದಲ್ಲಿ ಕೂತ ಯಜಮಾನನ ಹತ್ತಿರ ಕೇಳಲು ನಾಚಿ ನೀರಿನ ಬಾಟಲಿಯನ್ನೇ ಒಯ್ಯುವುದಿಲ್ಲವಂತೆ. ಇನ್ನೊಬ್ಬರು, ಪ್ರವಾಸದಲ್ಲಿ ಮನೆಯವರೆಲ್ಲ ಗೋಪುರ ನೋಡುವಾಗ ತಾನು ಶೌಚಾಲಯದ ಬೋರ್ಡು ಹುಡುಕುತ್ತೇನೆ ಎಂದಿದ್ದರು. ಒಬ್ಬರಿಗೊಬ್ಬರ ಪರಿಚಯವಿಲ್ಲ, ಆದರೂ ಒಂದೇ ಜಗಲಿಯಲ್ಲಿ ಕೂತು ಹೂ ಕಟ್ಟುವವರ ಹಾಗೆ ಮಾತಾಡಿಕೊಳ್ಳುತ್ತಿದ್ದರು. ನನಗೆ ಬೆರಗೋ ಬೆರಗು. ಇಷ್ಟು ದಿನ ‘ಮಹಿಳೆ’ ಎಂದು ಬರೆದಾಗ ಒಬ್ಬ ಮಹಿಳೆಯೂ ಬಂದಿರಲಿಲ್ಲ. ‘ನಮ್ಮತ್ತೆ’ ಎಂದೊಡನೆ ಊರಿಗೆ ಊರೇ ಬಂತು. ಬುದ್ಧಿ ಹೇಳಿದರೆ ಜನ ಹೆಬ್ಬೆಟ್ಟು ಒತ್ತಿ ಹೋಗುತ್ತಾರೆ. ನನಗೆ ಗೊತ್ತಿಲ್ಲ ಎಂದರೆ ಕೂತು ಹೇಳುತ್ತಾರೆ.

ಆ ಸಂತೆಯ ನಡುವೆ ನಿವೃತ್ತ ನರ್ಸೊಬ್ಬರ ಒಂದೇ ಸಾಲು ಇತ್ತು. ಅತ್ತೆಗೆ ಬಿಪಿ ಇದ್ದರೆ, ಬಸ್ಸು ಹತ್ತುವ ದಿನ ಮಾತ್ರೆ ನುಂಗುತ್ತಾರೋ ಇಲ್ಲವೋ ಕೇಳಿ ನೋಡಿ, ಅಂತ. ಅತ್ತೆಗೆ ಬಿಪಿಗೆಂದು ಮೈಯ ನೀರು ಇಳಿಸುವ ಮಾತ್ರೆ ಇದೆ. ತಪ್ಪಿಸಬಾರದೆಂದು ಡಾಕ್ಟರು ಒತ್ತಿ ಹೇಳಿದ್ದರು. ತಕ್ಷಣ ಫೋನ್ ಮಾಡಿದೆ.

‘ಬಸ್ಸಿನ ದಿನ ಬಿಡ್ತೀನಿ ಮಾರಾಯ್ತಿ. ಅದನ್ನ ನುಂಗಿ ಬಸ್ಸಲ್ಲಿ ಕೂತ್ಕೊಳ್ಳೋಕಾಗತ್ತಾ?’

ಬಂದಾಗಲೆಲ್ಲ ಅವರ ಪಾದ ಊದಿರುತ್ತಿದ್ದುದನ್ನು ನಾನು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದೆ. ಮಗನಿಗಾದರೂ ಹೇಳಬಾರದಿತ್ತೇ ಎಂದರೆ, ಗಂಡಸರ ಹತ್ತಿರ ಇದನ್ನೆಲ್ಲ ಹೇಳುತ್ತಾರೇನೇ ಎಂದರು. ನನಗಾದರೂ ಹೇಳಬಹುದಿತ್ತಲ್ಲ ಎಂದೆ.

‘ನೀನು ಹೆಂಗಸರ ಕಷ್ಟಾನೇ ಬರೆಯೋಳಲ್ವಾ, ನಿಂಗೆ ಗೊತ್ತಿರತ್ತೆ ಅಂದ್ಕೊಂಡಿದ್ದೆ.’

ಈಗ ಅತ್ತೆಯನ್ನು ನಾನೇ ಕಾರಿನಲ್ಲಿ ಕರೆತಂದು ಬಿಟ್ಟು ಬರುತ್ತೇನೆ. ಮಾತ್ರೆ ತಪ್ಪುವುದಿಲ್ಲ. ಬಸ್ಸೇ ಗತಿಯಾದವರೆಲ್ಲ ಬ್ಲಾಗಿನ ಕೆಳಗೇ ಸೇರಿ, ದಾರಿಯುದ್ದಕ್ಕೂ ಶುಚಿಯಾದ ಶೌಚಾಲಯ ಬೇಕೆಂದು ಮನವಿ ಬರೆಯುತ್ತಿದ್ದಾರೆ. ಅದರಲ್ಲಿ ಎಲ್ಲಾದರೂ ಒಂದು ಕಡೆ ಸಬಲೀಕರಣ ಸೇರಿಸೋಣವೇ ಎಂದು ಕೇಳಿದೆ. ಎಲ್ಲರೂ ಮರ್ಯಾದೆಯಿಂದ ಬೇಡವೆಂದರು.

ಮೊನ್ನೆ ಹೊರಡುವ ಮೊದಲು ಅತ್ತೆಯ ಕೈಗೆ ಕಾಫಿ ಕೊಟ್ಟೆ. ನಿಧಾನವಾಗಿ, ಲೋಟ ಬರಿದಾಗುವವರೆಗೆ ಕುಡಿದರು. ನನಗೆ ಕಣ್ಣು ತುಂಬಿ ಬಂತು. ಅವರು ಲೋಟ ಕೆಳಗಿಟ್ಟು, ಸೆರಗಿನಲ್ಲಿ ಬಾಯಿ ಒರೆಸಿಕೊಂಡರು.

‘ಬೇಜಾರು ಮಾಡ್ಕೋಬೇಡ ಕಣೇ, ಬಸ್ಸಿನ ವಿಷ್ಯ ಒಂದು ಕಡೆ ಇರ್ಲಿ. ನಿನ್ನ ಕಾಫಿ ಕಲಗಚ್ಚೇ.’