ಆರು ಚಕ್ರದ ಗಾಡಿ ಮತ್ತು ಅಮ್ಮಾವ್ರ ಸ್ಟೂಲು

ಇಪ್ಪತ್ತು ವರ್ಷದಿಂದ ಕೊಳ್ಳೇಗಾಲದ ಅರಿಶಿನ ವ್ಯಾಪಾರಿಯೊಬ್ಬರ ಗಾಡಿ ಓಡಿಸುತ್ತಿದ್ದೇನೆ. ಜೀಪಿತ್ತು, ಕಾರಿತ್ತು, ನಗುವಂಥದ್ದೇನೂ ನಡೆಯಲಿಲ್ಲ. ಯಜಮಾನರು ಬೆಂಗಳೂರಿನ ಶೋಕಿವಾಲನೊಬ್ಬನಿಂದ ಆರು ಚಕ್ರದ ಪಿಕಪ್ ತಂದರು ನೋಡಿ, ಅಂದಿನಿಂದ ವಾರಕ್ಕೊಂದು ಗ್ಯಾರಂಟಿ. ಮುಂದೆ ಎರಡು ಚಕ್ರ, ಹಿಂದೆ ನಾಲ್ಕು, ಒಳಗೆ ಬಿಳಿ ಚರ್ಮದ ಸೀಟು, ಎ.ಸಿ. ಕಾಡು, ಬಂಡೆ, ಹೊಳೆ ಎಲ್ಲ ದಾಟುತ್ತದಂತೆ. ನಮ್ಮಲ್ಲಿ ಅದು ದಾಟಬೇಕಾದದ್ದು ಬಸ್ ಸ್ಟ್ಯಾಂಡ್ ಮುಂದಿನ ಎಳನೀರು ಗಾಡಿಗಳನ್ನು.

ತಂದದ್ದಕ್ಕೆ ಕಾರಣವಿತ್ತು. ಮಗಳಿಗೆ ಗಂಡು ಹುಡುಕುತ್ತಿದ್ದರು. "ಗಾಡಿ ನೋಡ್ತಿದ್ದಂಗೆ ಬೀಗ್ರು ಎದ್ ನಿಂತ್ಕಬೇಕು ಕಣ್ಲಾ" ಎನ್ನುತ್ತಿದ್ದರು.

ನಿಂಬೆಹಣ್ಣು

ಹೊಸ ಗಾಡಿಯ ಪೂಜೆಯ ದಿನ ಅರ್ಚಕರು ರೂಢಿಯಂತೆ ನಾಲ್ಕೇ ನಿಂಬೆಹಣ್ಣು ತಂದಿದ್ದರು.

"ಇನ್ನೆರಡು ಚಕ್ರಕ್ಕೆ?" ಎಂದರು ಯಜಮಾನರು.

"ಮಧ್ಯದ ಚಕ್ರದ ಹಿಂದೆಯೇ ಕೊನೇ ಚಕ್ರ ಬರುತ್ತಲ್ಲ ಸ್ವಾಮಿ, ಅದೇ ಹಣ್ಣಿನ ಮೇಲೆ ಹೋಗುತ್ತೆ."

"ಎಂಜಲು ನಿಂಬೆಹಣ್ಣಾ?" ಯಜಮಾನರಿಗೆ ರೇಗಿತು. ನಾನು ಸೋಡಾ ಅಂಗಡಿಗೆ ಓಡಿ ಎರಡು ತಂದೆ. ಅರ್ಚಕರು ಆರನ್ನೂ ಇಟ್ಟು, ಸೊಂಟ ಹಿಡಿದುಕೊಂಡು ಎದ್ದು ಕೇಳಿದರು: "ಸ್ಟೆಪ್ನಿಗೂ ಒಂದು ಇಡ್ಲಾ?"

ಗೂಡು

ಹನೂರಿನಿಂದ ಬರುವಾಗ ಕಾಮಗೆರೆ ಹತ್ತಿರ ಯಜಮಾನರ ನೆಂಟನೊಬ್ಬ ರೇಷ್ಮೆಗೂಡಿನ ಚೀಲ ಇಟ್ಟುಕೊಂಡು ಕೈ ಅಡ್ಡ ಹಾಕಿದ. ಮಾರ್ಕೆಟ್ಟಿಗೆ ಹೋಗಬೇಕಿತ್ತಂತೆ. "ಹಿಂದ್ಗಡೆ ಆಕು" ಎಂದರು ಯಜಮಾನರು.

ಅವನು ಕಿಟಕಿಯೊಳಗೆ ಕೈ ಹಾಕಿ ತಂಪು ನೋಡಿದ. "ಅಣ್ಣ, ಈ ಬಿಸ್ಲಿಗೆ ಗೂಡು ಕೆಟ್ಟೋಯ್ತದೆ. ಒಳ್ಗೆ ತಣ್ಣಗದೆ. ನೀವು ಕೆಡಕಿಲ್ವಲ್ಲ, ಒಸಿ ಇಂದಕ್ಕೆ ಕುತ್ಕಳಿ."

ನೆಂಟನಿಗೆ ಇಲ್ಲ ಅನ್ನುವುದು ಹೇಗೆ? ಗೂಡು ಬಿಳಿ ಸೀಟಿನಲ್ಲಿ ಬಂತು, ಯಜಮಾನರು ತಲೆಗೆ ಟವೆಲ್ ಹಾಕಿಕೊಂಡು ಹಿಂದಿನ ಸಾಮಾನು ತೊಟ್ಟಿಯಲ್ಲಿ ಬಂದರು. ಮಾರ್ಕೆಟ್ ಗೇಟಿನಲ್ಲಿದ್ದವನು ಅವರನ್ನೇ ಕೇಳಿದ: "ಲೋಡಿಂಗ್ ಆಳು ನೀನೊಬ್ನೇಯಾ?"

ಮನೆ ನೋಡೋದು

ಕೊನೆಗೆ ಯಳಂದೂರಿನ ಪಶುವೈದ್ಯ ಹುಡುಗ ಹೆಣ್ಣನ್ನು ಒಪ್ಪಿದ. ಹುಡುಗಿಗೂ ಅವನ ಮೇಲೆ ಜೀವ. ಗಂಡಿನ ಮನೆ ನೋಡಲು ಹೊರಟಾಗ ಅವಳು ನನ್ನನ್ನು ಪಕ್ಕಕ್ಕೆ ಕರೆದಳು. "ಅಣ್ಣ, ಅವ್ರಿಗೆ ಆಡಂಬರ ಕಂಡ್ರಾಗಲ್ಲ. ಈ ಗಾಡಿ ಬ್ಯಾಡ ಅಂತ ಅಪ್ಪನ್ಗೆ ಏಳಿ. ಈ ಸಂಬಂಧ ತಪ್ಪೋದ್ರೆ ನಾನು ಬೇರೆ ಯಾರ್ನೂ ಒಪ್ಪಕಿಲ್ಲ." ಪಾಪ ಅನ್ನಿಸಿತು. ಹೇಳಿದೆ, ಬೈಸಿಕೊಂಡೆ.

ಆ ಎತ್ತರದ ಗಾಡಿ ಹತ್ತಲು ಅಮ್ಮಾವ್ರಿಗೆ, ಅಂದರೆ ಯಜಮಾನರ ಹೆಂಡತಿಗೆ, ಅಡುಗೆಮನೆಯ ಸ್ಟೂಲು ಬೇಕೇ ಬೇಕು. ಅದೂ ಬಂತು.

ಬೀಗರ ಓಣಿಯಲ್ಲಿ ಎಮ್ಮೆ ಹೋದರೆ ಎದುರಿಂದ ಸೈಕಲ್ ಬರುವಂತಿಲ್ಲ. ಗಾಡಿಯನ್ನು ಮೇನ್ ರೋಡಿನಲ್ಲೇ ಬಿಟ್ಟು ಬಿಸಿಲಲ್ಲಿ ನಡೆದೆವು. ಸ್ಟೂಲು ಕಳೆದುಹೋದರೆ ವಾಪಸ್ ಹತ್ತೋದು ಹೇಗೆ ಅಂತ ಅಮ್ಮಾವ್ರು ಅದನ್ನೂ ನನ್ನ ತಲೆ ಮೇಲೆ ಹೊರಿಸಿದರು.

ಗಂಡಿನ ಅಜ್ಜಿ ಬಾಗಿಲಲ್ಲೇ ಕರಗಿಹೋದರು. "ನಡ್ಕಂಡೇ ಬಂದವ್ರಲ್ಲಪ್ಪ! ನಮಗೆ ತೊಂದ್ರೆ ಆಗ್ಬಾರ್ದು ಅಂತ ಕೂರಕ್ಕೆ ಸ್ಟೂಲ್ನೂ ಅವ್ರೇ ತಂದವ್ರೆ. ಇಂಥ ಸರಳವಾದ ಜನ ಎಲ್ ಸಿಕ್ತಾರೆ?"

ಯಜಮಾನರು ಗಾಡಿಯ ಸುದ್ದಿ ನುಂಗಿಕೊಂಡು ಆ ಸ್ಟೂಲಿನ ಮೇಲೇ ಕುಳಿತರು. ಅರ್ಧ ಗಂಟೆಯಲ್ಲಿ ತಾಂಬೂಲ ಬದಲಾಯಿತು.

ಹೊರಟಾಗ ಗಂಡಿನ ತಂದೆ "ಬಸ್ ಸ್ಟಾಪ್ ಗಂಟ ಬತ್ತೀನಿ" ಅಂತ ಚಪ್ಪಲಿ ಮೆಟ್ಟಿಯೇಬಿಟ್ಟರು. ಯಜಮಾನರ ಮುಖ ಬಾಡಿತು. ಮೇನ್ ರೋಡಿನಲ್ಲಿ ಗಾಡಿಯ ಸುತ್ತ ಜಾತ್ರೆಯಷ್ಟು ಜನ.

"ಅಬ್ಬಬ್ಬಾ, ಯಾರ್ದಪ್ಪ ಇದು?" ಎಂದರು ಬೀಗರು.

ಯಜಮಾನರು ಕಣ್ಣು ಮಿಟುಕಿಸದೆ ನನ್ನ ಕಡೆ ಕೈ ತೋರಿಸಿದರು. "ಇವನ್ದೇ. ನಮ್ ಬಸ್ಸು ತಪ್ಪೋಯ್ತು, ಪಾಪ ಕರ್ಕಬಂದ."

ಸ್ಟೂಲು ಹೊತ್ತು ನಿಂತಿದ್ದ ನನ್ನನ್ನು ಬೀಗರು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಯಜಮಾನರ ಹೆಗಲ ಮೇಲೆ ಕೈ ಹಾಕಿ, ನನಗೂ ಕೇಳಿಸುವಂತೆ ಪಿಸುಗುಟ್ಟಿದರು.

"ಉಡುಗನ್ಗೆ ಮದ್ವೆ ಆಗಿದ್ಯಾ? ನನ್ ತಮ್ಮನ ಮಗಳೊಬ್ಳು ಅವ್ಳೆ."

ನನಗೆ ಐವತ್ತೆರಡು. ಹೋದ ವರ್ಷ ಮೊಮ್ಮಗ ಹುಟ್ಟಿದ್ದಾನೆ.