ಪ್ರತಿ ಶನಿವಾರ ಡಿಲೀಟಾಗುವ ಮದುವೆ

ನಮ್ಮ ಭಾವ ಊರೂರಿಗೆ ಹೋಗಿ ತಮ್ಮ ಮದುವೆಯನ್ನು ಡಿಲೀಟ್ ಮಾಡಿ ಬರುತ್ತಾರೆ. ಅದೂ ಜನರ ಎದುರಿಗೆ, ಅದೂ ಪುಕ್ಕಟೆ! ಹೆಂಡತಿಯ ಮೇಲೆ ಸಿಟ್ಟು ಬಂದ ಗಂಡಸರು ಈ ಕೆಲಸವನ್ನು ಮನಸ್ಸಿನಲ್ಲೇ ಮಾಡಿಕೊಂಡು ಸುಮ್ಮನಾಗುತ್ತಾರೆ. ನಮ್ಮ ಭಾವ ಹಾಗಲ್ಲ. ಸ್ವಂತ ದುಡ್ಡಿನಲ್ಲಿ ಟಿಕೆಟ್ ತೆಗೆಸಿ, ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ, ಶನಿವಾರ ಮದುವೆಯನ್ನು ಇಲ್ಲವಾಗಿಸಿ, ಸ್ವಲ್ಪ ಹೊತ್ತಿಗೆ ಮತ್ತೆ ತಂದು, ಚಪ್ಪಾಳೆ ಗಿಟ್ಟಿಸಿ, ಪಲಾವ್ ತಿಂದು ವಾಪಸು ಬರುತ್ತಾರೆ.

ಗಾಬರಿಯಾಗಬೇಡಿ, ಬಿಡಿಸಿ ಹೇಳುತ್ತೇನೆ. ಭಾವ ಎಂದರೆ ನನ್ನ ಅಕ್ಕನ ಗಂಡ. ಮನೆ ಕಂಪ್ಲಿಯಲ್ಲಿ, ಕೆಲಸ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ. ಆದರೆ ಅವರು ಉಕ್ಕು ಮುಟ್ಟುವವರಲ್ಲ. ಎಷ್ಟು ಅದಿರು ಬಂತು, ಎಷ್ಟು ಲಾರಿ ಹೊರಟಿತು, ಯಾರ ಪಾಳಿ ಯಾವಾಗ ಎಂಬ ವಿವರವೆಲ್ಲ ಕೂತಿರುತ್ತದಲ್ಲ, ಆ ಡೇಟಾಬೇಸ್ ಕಾಯುವುದು ಅವರ ಕೆಲಸ. ಈ ಕೆಲಸದವರೆಲ್ಲ ಸೇರಿ ಶನಿವಾರಗಳಂದು ಒಂದೊಂದು ಊರಿನಲ್ಲಿ ಉಚಿತ ತರಬೇತಿ ನಡೆಸುತ್ತಾರೆ. ಕಲಿಯಲು ಬಂದವರು ಏನೂ ಕೊಡಬೇಕಿಲ್ಲ, ಕಲಿಸುವವರಿಗೆ ಏನೂ ಸಿಗುವುದಿಲ್ಲ. ತಪ್ಪು ಹೇಳಿದೆ, ಒಂದು ಟೀ ಶರ್ಟ್ ಸಿಗುತ್ತದೆ. ಹೀಗಾಗಿ ಅಕ್ಕನ ಮನೆಯಲ್ಲಿ ನೆಲ ಒರೆಸುವ ಬಟ್ಟೆಗೆ ಎಂದೂ ಕೊರತೆಯಿಲ್ಲ.

ಭಾವ ಮಾತಾಡುವ ವಿಷಯ ಒಂದೇ, ಬ್ಯಾಕಪ್. ಮಾಹಿತಿಯ ಇನ್ನೊಂದು ಪ್ರತಿ ತೆಗೆದಿಟ್ಟರೆ ಸಾಲದು, ಆ ಪ್ರತಿಯಿಂದ ಎಲ್ಲವನ್ನೂ ವಾಪಸು ತಂದು ನೋಡಿದ್ದರೆ ಮಾತ್ರ ಅದು ಬ್ಯಾಕಪ್ಪು ಎನ್ನುವುದು ಅವರ ವಾದ. ಉಳಿದ ಭಾಷಣಕಾರರು ಯಾವುದೋ ಸುಳ್ಳು ಹೆಸರು, ಸುಳ್ಳು ಅಂಕಿ ತುಂಬಿಸಿ ಇದನ್ನು ತೋರಿಸುತ್ತಾರಂತೆ. ಭಾವನಿಗೆ ಅದು ಸರಿಬರುವುದಿಲ್ಲ.

“ಹೋದ್ರ ಹೋಗ್ಲಿ ಅನ್ನೋ ಮಾಲು ತಗದು ತೋರ್ಸಿದ್ರ ಯಾರು ಕಲೀತಾರಲೇ? ನೋಡೋರ ಹೊಟ್ಟ್ಯಾಗ ತಳಮಳ ಆಗ್ಬೇಕು. ನನಗೂ ಆಗ್ಬೇಕು!” ಎನ್ನುತ್ತಾರೆ. ಅದಕ್ಕೇ ಅವರು ಡೇಟಾಬೇಸಿಗೆ ತುಂಬಿದ್ದು ತಮ್ಮ ಮದುವೆಯ ಫೋಟೊಗಳನ್ನು! ಅಷ್ಟೂ ಫೋಟೊಗಳನ್ನು ಎಲ್ಲರೆದುರು ಅಳಿಸಿ, ಬ್ಯಾಕಪ್ಪಿನಿಂದ ವಾಪಸು ತರುವುದೇ ಅವರ ಭಾಷಣ. ಹೊಟ್ಟೆಯಲ್ಲಿ ತಳಮಳ ಆಗುವುದು ಮಾತ್ರ ಕಂಪ್ಲಿಯಲ್ಲಿ ಕೂತ ಅಕ್ಕನಿಗೆ.

ಅವಳಿಗೆ ಕಾರಣವೂ ಇತ್ತು. ಒಂದು ವರ್ಷ ಡ್ಯಾಮಿನ ಗೇಟು ತೆರೆದಾಗ ಹೊಳೆ ನೀರು ಕಂಪ್ಲಿಯ ಅವರ ಓಣಿಗೆ ನುಗ್ಗಿತು. ಓಣಿಯವರೆಲ್ಲ ಅಕ್ಕಿ ಮೂಟೆ, ಟಿವಿ ಹೊತ್ತುಕೊಂಡು ಮಾಳಿಗೆ ಹತ್ತಿದರೆ ಭಾವ ಲ್ಯಾಪ್‌ಟಾಪ್ ತಲೆಯ ಮೇಲಿಟ್ಟುಕೊಂಡು ಹತ್ತಿದರು. ಮದುವೆಯ ಆಲ್ಬಮ್ ಕೆಳಗೇ ಉಳಿಯಿತು. ನೀರಿಳಿದ ಮೇಲೆ ನೋಡಿದರೆ ವಧು, ವರ, ಬೀಗರು, ಪುರೋಹಿತರು ಎಲ್ಲ ಅಂಟಿಕೊಂಡು ಒಂದೇ ಮುದ್ದೆ! ಭಾವ ಮೊದಲೇ ಎಲ್ಲವನ್ನೂ ಸ್ಕ್ಯಾನ್ ಮಾಡಿಟ್ಟಿದ್ದರಿಂದ ಫೋಟೊಗಳು ಉಳಿದವು.

ಅವುಗಳಲ್ಲಿ ನಮ್ಮ ಅಪ್ಪನ ಫೋಟೊ ಒಂದಿತ್ತು. ಅಪ್ಪ ಕ್ಯಾಮೆರಾ ಕಂಡರೆ ಮಾರು ದೂರ ಓಡುವ ಆಸಾಮಿ. ಅಕ್ಕನ ಮದುವೆಯಾದ ಎರಡನೇ ವರ್ಷವೇ ತೀರಿಕೊಂಡರು. ಗೋಡೆಯ ಮೇಲೆ ಹಾರ ಹಾಕಿದ ಫೋಟೊ ಇದೆ, ನಿಜ. ಆದರೆ ಅದು ರೇಷನ್ ಕಾರ್ಡಿಗೆಂದು ತೆಗೆಸಿದ್ದು, ಅದರಲ್ಲಿ ಅಪ್ಪ ಪೊಲೀಸರ ಕೈಗೆ ಸಿಕ್ಕವರ ಹಾಗೆ ಕಾಣುತ್ತಾರೆ. ಅಪ್ಪ ಅಪ್ಪನ ಹಾಗೇ ಇರುವುದು ಮದುವೆಯ ಆ ಒಂದೇ ಚಿತ್ರದಲ್ಲಿ. ಪ್ರತಿ ಶನಿವಾರ ಅದೂ ಡಿಲೀಟಾಗುತ್ತದೆ ಎಂದರೆ ಯಾವ ಮಗಳು ಸುಮ್ಮನಿರುತ್ತಾಳೆ?

“ಅಪ್ಪನ ಫೋಟೊ ಒಂದ್ ನನ್ನ ಫೋನಿಗೆ ಹಾಕಿಬಿಡ್ರಿ, ಆಮ್ಯಾಲೆ ಏನರ ಮಾಡ್ಕೋರಿ” ಎಂದಳಂತೆ ಅಕ್ಕ.

“ಹಾಕಿದ್ರ ನನಗ ಭಯ ಹೋಗ್ತೈತಿ. ಭಯ ಹೋದ್ರ ಪಾಠ ಕೆಡ್ತೈತಿ” ಎಂದರಂತೆ ಭಾವ. ಇಂಥವರ ಜೊತೆ ಸಂಸಾರ ಮಾಡುವವರಿಗೆ ಟೀ ಶರ್ಟ್ ಅಲ್ಲ, ಪದಕ ಕೊಡಬೇಕು!

ಭಾಷಣದ ತಾಲೀಮು ನಡೆಯುವುದು ಹೊಸಪೇಟೆಯಲ್ಲಿರುವ ನನ್ನ ಪೈಪು-ಮೋಟಾರಿನ ಅಂಗಡಿಯಲ್ಲಿ. ಒಮ್ಮೆ ಪಾಪಿನಾಯಕನಹಳ್ಳಿಯ ರೈತರೊಬ್ಬರು ವಾಲ್ವ್ ಕೊಳ್ಳಲು ಬಂದು ಸಿಕ್ಕಿಹಾಕಿಕೊಂಡರು. ಭಾವ ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಒಂದೇ ಪ್ರತಿಯನ್ನು ನಂಬಿ ಕೆಟ್ಟವರ ಕಥೆಗಳನ್ನು ಕೈ ಬೀಸಿ ಬೀಸಿ ಹೇಳಿದರು. ರೈತರ ಮುಖ ಬಿಳಿಚಿಕೊಂಡಿತು.

“ಹಂಗಾರ ಮೋಟ್ರುನೂ ಎರಡು ಇರ್ಬೇಕೇನ್ರಿ?”

“ಇರ್ಬೇಕ್ರಿ!” ಎಂದೆ ನಾನು, ಭಾವನಿಗಿಂತ ಮೊದಲು. ಅಂದಿನಿಂದ ತಾಲೀಮಿಗೆ ಬಂದಾಗಲೆಲ್ಲ ಭಾವನಿಗೆ ಮಿರ್ಚಿ, ಚಹಾ ನನ್ನ ಖರ್ಚಿನಲ್ಲೇ.

ಬ್ಯಾಕಪ್ಪಿನ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಭಾವನ ಚೀಲದಲ್ಲೇ ಇರುತ್ತದೆ. ಇನ್ನೊಂದು ಬೇರೆ ಊರಿನಲ್ಲಿರಬೇಕು ಎನ್ನುವುದು ಅವರ ಕೆಲಸದ ಕಟ್ಟುಪಾಡು. ಹೊಳೆ ಮುಟ್ಟದ ಊರು ಯಾವುದು? ಗುಡ್ಡದ ಮೇಲಿನ ಸಂಡೂರು! ಅಲ್ಲಿರುವ ತಮ್ಮ ದೊಡ್ಡಮ್ಮನ ಕೈಗೆ ಒಂದು ಪೆನ್‌ಡ್ರೈವ್ ಕೊಟ್ಟು, “ದೊಡ್ಡಮ್ಮ, ಇದರಾಗ ನಮ್ಮ ಇಡೀ ಮದುವಿ ಐತಿ, ಜ್ವಾಪಾನ” ಎಂದರು. ಇಡೀ ಮದುವೆ ಎಂದ ಮೇಲೆ ಆ ತಾಯಿ ಅದನ್ನು ಎಲ್ಲಿಟ್ಟಾರು? ದೇವರ ಮುಂದಿಟ್ಟರು. ದಿನವೂ ವಿಭೂತಿ, ಕುಂಕುಮ, ಒಂದು ದಾಸವಾಳ.

ಹೀಗಿರಲು ಭಾವನಿಗೆ ನಮ್ಮ ಹೊಸಪೇಟೆಯಲ್ಲೂ ಒಂದು ಶನಿವಾರ ಮಾಡುವ ಹುಕಿ ಬಂತು. ಆಷಾಢದಲ್ಲಿ ಮದುವೆಗಳಿಲ್ಲವಾದ್ದರಿಂದ ಕಲ್ಯಾಣಮಂಟಪ ಪುಕ್ಕಟೆ ಸಿಕ್ಕಿತು. ಅಕ್ಕನ ಮದುವೆಯಾದದ್ದೂ ಅದೇ ಮಂಟಪದಲ್ಲಿ. ವೇದಿಕೆಯಲ್ಲಿ ವಧೂವರರ ಎರಡು ಸಿಂಹಾಸನಗಳಿದ್ದವು. ಒಂದರಲ್ಲಿ ಲ್ಯಾಪ್‌ಟಾಪ್ ಕೂತಿತು, ಇನ್ನೊಂದರಲ್ಲಿ ಪ್ರೊಜೆಕ್ಟರ್. ಬೆಂಗಳೂರಿನಿಂದ ಬಂದಿದ್ದ ಇಬ್ಬರು ಭಾಷಣಕಾರರು ಹಂಪಿ ನೋಡಿಕೊಂಡು ಈಗ ಬಂದೆವು ಎಂದು ಬೆಳಿಗ್ಗೆ ಆಟೊ ಹತ್ತಿದವರು, ಊಟದ ಹೊತ್ತಾದರೂ ಪತ್ತೆಯಿಲ್ಲ. ಹಂಪಿಗೆ ಹೋದವರು ಹೇಳಿದ ಹೊತ್ತಿಗೆ ಎಂದಾದರೂ ಬಂದದ್ದುಂಟೆ? ಪ್ರಾರ್ಥನೆ, ದೀಪ ಬೆಳಗುವುದು, ಶಾಲು ಹೊದಿಸುವುದು ಎಲ್ಲ ಮುಗಿದು ಕೊನೆಗೆ ಭಾಷಣಕ್ಕೆ ಉಳಿದದ್ದು ಭಾವನೊಬ್ಬರೇ.

ಆಗ ಅಕ್ಕ ಬಂದಳು. ಭಾವನ ಭಾಷಣಕ್ಕೆ ಎಂದೂ ಬಾರದವಳು ಸೀದಾ ಮುಂದಿನ ಸಾಲಿಗೆ ಬಂದು ನನ್ನ ಪಕ್ಕ ಕುಳಿತಳು.

“ಲೇ ತಮ್ಮಾ, ಇವತ್ತು ಇವ್ರು ಅಪ್ಪನ್ ಮುಟ್ಲಿ, ಅಲ್ಲೇ ಸ್ಟೇಜ್ ಮ್ಯಾಲೆ ಹೋಗಿ ಕೈ ಹಿಡೀತೀನಿ.”

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸುವಷ್ಟರಲ್ಲಿ ಭಾವ ಗುಂಡಿ ಒತ್ತಿಬಿಟ್ಟಿದ್ದರು. ಪರದೆಯ ಮೇಲಿನ ಮದುವೆ ಮಾಯ! ಕಾಲೇಜಿನ ಮಕ್ಕಳು ಓ ಎಂದರು. ಭಾವ ನಗುತ್ತ ವಾಪಸು ತರುವ ಕೆಲಸ ಶುರುಮಾಡಿದರು. ಅರ್ಧ ಆಗಿತ್ತೋ ಇಲ್ಲವೋ, ಕರೆಂಟ್ ಹೋಯಿತು. ಲ್ಯಾಪ್‌ಟಾಪೂ ಕಣ್ಣು ಮುಚ್ಚಿತು. ಮನೆಯಲ್ಲಿ ಕೊಡೆಯಿಂದ ಬೀಗದ ಕೈವರೆಗೆ ಎಲ್ಲವನ್ನೂ ಎರಡೆರಡು ಇಡುವ ಮನುಷ್ಯ, ಸತ್ತ ಬ್ಯಾಟರಿಯನ್ನು ಬದಲಿಸಲು ಮರೆತಿದ್ದರು! ಜನರೇಟರ್ ಶುರುವಾದ ಮೇಲೆ ಚೀಲದಲ್ಲಿದ್ದ ಪ್ರತಿಯನ್ನು ಮತ್ತೆ ಚುಚ್ಚಿದರು. ಅದು ಉಸಿರೇ ಎತ್ತಲಿಲ್ಲ. ತೆಗೆದರು, ಒರೆಸಿದರು, ಮತ್ತೆ ಚುಚ್ಚಿದರು. ಊಹೂಂ.

ಭಾವನ ಮುಖದಲ್ಲಿ ನಗು ಇರಲಿಲ್ಲ. ಅಕ್ಕ ನನ್ನ ಮುಂಗೈ ಹಿಡಿದುಕೊಂಡಿದ್ದಳು, ಬಳೆ ಒತ್ತಿ ನೋಯುತ್ತಿತ್ತು. ನನಗೂ ನಿಜಕ್ಕೂ ಹೆದರಿಕೆಯಾಯಿತು.

“ದೊಡ್ಡಮ್ಮಾ!” ಎಂದು ಕೂಗಿದರು ಭಾವ.

ಎಲ್ಲರಿಗೂ ತೋರಿಸಲೆಂದು ಸಂಡೂರಿನ ಪ್ರತಿಯನ್ನೂ ತರಿಸಿದ್ದರು. ದೊಡ್ಡಮ್ಮ ಹಿಂದಿನ ಸಾಲಿನಿಂದ ಎದ್ದು, ತಟ್ಟೆಯಲ್ಲಿ ದಾಸವಾಳದ ಸಮೇತ ಅದನ್ನು ಹಿಡಿದು ವೇದಿಕೆಗೆ ನಡೆದರು. ಭಾವ ಪೆನ್‌ಡ್ರೈವಿನ ಬಾಯಿಗೆ ಜೋರಾಗಿ ಊದಿದರು. ಇಷ್ಟು ವರ್ಷಗಳ ಕುಂಕುಮವೆಲ್ಲ ಹಾರಿ ಅವರ ಮುಖ ಕೆಂಪಾಯಿತು. ಯಾರೂ ನಗಲಿಲ್ಲ. ಚುಚ್ಚಿದರು. ಪರದೆಯ ಮೇಲೆ ಹಸಿರು ಗೆರೆ ಮೆಲ್ಲಗೆ ಬೆಳೆದು ಆ ತುದಿ ಮುಟ್ಟಿತು.

ಭಾವ ಮೊದಲು ತೆರೆದದ್ದು ಅಪ್ಪನ ಫೋಟೊ. ಊಟದ ಮನೆಯ ಬಾಗಿಲ ಪಕ್ಕದ ಕಂಬಕ್ಕೆ ಒರಗಿ, ಹೆಗಲ ಟವಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾರೆ ಅಪ್ಪ.

“ಇವ್ರು ನಮ್ಮ ಮಾವ” ಎಂದರು ಭಾವ, ಕುಂಕುಮದ ಮುಖ ಒರೆಸಿಕೊಳ್ಳದೆ. “ಎಲ್ಲಾ ಊರಾಗೂ ಕೊನೀಗೆ ಇವರನ್ನ ತೋರಿಸ್ತೀನಿ. ಮಗಳ್ನ ಕಳಸೋ ಹೊತ್ತಿಗೆ ಯಾರೂ ನೋಡಬಾರ್ದು ಅಂತ ಅಲ್ಲಿ ಹೋಗಿ ಅಳ್ತಿದ್ರು. ನಾನ್ ನೋಡಿದ್ದೆ. ಅವರು ಹೋದಾಗ ನಮ್ಮ ಮನ್ಯಾಕೆ ಕೇಳಿದ್ಲು, ಎಲ್ಲಾ ವಾಪಸ್ ತರೋರು ನೀವು, ಅಪ್ಪನ್ನ ತರ್ರಿ ಅಂತ. ನನ್ ಕೈಲಿ ಆಗ್ಲಿಲ್ಲ. ಈ ಫೋಟೊನಾರ ತಪ್ಪದಂಗ ತರಬೇಕು ಅಂತ ಊರೂರಾಗ ರೂಢಿ ಮಾಡ್ಕೊಂಡೀನ್ರಿ.”

ಮಂಟಪದಲ್ಲಿದ್ದವರೆಲ್ಲ ಒಟ್ಟಿಗೆ ತಿರುಗಿ ಊಟದ ಮನೆಯ ಬಾಗಿಲ ಪಕ್ಕದ ಕಂಬವನ್ನು ನೋಡಿದರು. ನಾನೂ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಅಂಗಡಿಯ ತಾಲೀಮಿನಲ್ಲಿ ಭಾವ ಈ ಕೊನೆಯನ್ನು ಎಂದೂ ತೋರಿಸಿರಲಿಲ್ಲ. ನಮಗೇ ಗೊತ್ತಿಲ್ಲದೆ ನಮ್ಮ ಅಪ್ಪ ಇಷ್ಟು ವರ್ಷ ಎಷ್ಟೊಂದು ಊರುಗಳಲ್ಲಿ ವಾಪಸು ಬಂದಿದ್ದರು!

ಅಕ್ಕ ಎದ್ದು ನಿಂತಳು. ಈಗ ಹೋಗಿ ಕೈ ಹಿಡಿಯುತ್ತಾಳೆ ಎಂದುಕೊಂಡೆ. ಅವಳು ಇದ್ದಲ್ಲಿಂದಲೇ, ಸೆರಗಿನಿಂದ ಮೂಗೊರೆಸಿಕೊಂಡು ಹೇಳಿದಳು:

“ರೀ... ಇನ್ನೊಂದ್ಸಲ ಡಿಲೀಟ್ ಮಾಡ್ರಿ. ಅಪ್ಪ ಇನ್ನೊಂದ್ಸಲ ಬರ್ಲಿ.”