ಲಾಭದ ಹಿಂದಿನ ಏಳು ಖಾಲಿ

ಈ ಸಂಗತಿಯನ್ನು ಮೊದಲು ಹೇಳಿದವರು ತಕ್ಕಡಿ ರಿಪೇರಿಯ ಮೌಲಾಸಾಬರು; ಸುಳ್ಳು ಅವರ ಬಾಯಲ್ಲಿ ಬರುವುದಿಲ್ಲ. ಹರಪನಹಳ್ಳಿ ದಾರಿಯಲ್ಲಿ ಮೆಕ್ಕೆಜೋಳ ಕೊಳ್ಳುವ ಸಂಘವೊಂದುಂಟು. ಅಲ್ಲಿಯ ಕಂಪ್ಯೂಟರು ನಿಧಾನವೆಂಬುದು ಸಭೆಯಲ್ಲಿ ಸರ್ವಾನುಮತದಿಂದ ಅಂಗೀಕಾರವಾಗಿತ್ತು.

ಸಾಫ್ಟ್‌ವೇರ್ ಬರೆದ ಸಮತಾ ಬಂದು ನೋಡಿದಳು. ನಮ್ಮ ಕಡೆ ಕಾಳು ಅಳೆಯುವಾಗ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತೇವೆ. ಸಂಘದವರು ಪ್ರತಿ ರೈತನ ಲೆಕ್ಕದ ತಲೆಗೂ ‘ಲಾಭ’ದ ಗುರುತೊಂದನ್ನು ಹಾಕಿಸಿದ್ದರು.

“ಮೆಮೊರಿ ಅಂದ್ರ ಎಂಟೆಂಟು ಗೂಡಿನ ಕಪಾಟು ಇದ್ದಂಗ್ರಿ,” ಎಂದಳು. “ಯಂತ್ರ ಒಂದ್ಸಲಕ್ಕ ಒಂದು ಕಪಾಟು ತೆಗೀತೈತಿ. ಒಂದು ಚೀಲದ ಲೆಕ್ಕಕ್ಕ ಎಂಟೂ ಗೂಡು ಬೇಕು. ನಿಮ್ಮ ಲಾಭ ಒಂದು ಗೂಡು ಹಿಡದು, ಉಳಿದ ಲೆಕ್ಕೆಲ್ಲ ಸರದೈತಿ. ಅರ್ಧ ಈ ಕಪಾಟಿನ್ಯಾಗ, ಅರ್ಧ ಆ ಕಪಾಟಿನ್ಯಾಗ. ಒಂದು ಚೀಲಕ್ಕ ಎರಡು ಬಾಗಲಾ ತೆಗೀಬೇಕು. ಆ ಲಾಭ ತಗದುಬಿಡ್ರಿ.”

“ಬಿಡ್ತು ಅನ್ನವ್ವ!” ಕಾರ್ಯದರ್ಶಿ ಗುರುಬಸವರಾಜರು ಗಲ್ಲ ಗಲ್ಲ ಬಡಿದುಕೊಂಡರು.

“ಹಂಗಾರ ಅದರ ಹಿಂದ ಏಳು ಗೂಡು ಖಾಲಿ ಬಿಡ್ತೀನ್ರಿ. ಚೀಲದ ಲೆಕ್ಕ ಹೊಸಾ ಕಪಾಟಿನಿಂದ ಸುರು ಆಕೈತಿ.”

ಬಿಟ್ಟಳು. ಯಂತ್ರ ಓಡಿತು. ಆಕೆ ಬಸ್ಸು ಹತ್ತಿದ ಮೇಲೆ ಪ್ರಕಟಣೆ ಹೊರಬಿತ್ತು: “ಯಂತ್ರದಲ್ಲಿ ಇರುವುದು ಅಂಗಳದಲ್ಲಿಯೂ ಇರತಕ್ಕದ್ದು. ಪ್ರತಿ ರೈತನ ಮೊದಲ ಚೀಲದ ನಂತರ ಏಳು ಖಾಲಿ ಚೀಲಗಳನ್ನು ತೂಗತಕ್ಕದ್ದು. ಸದರಿ ಖಾಲಿಗೂ ಹಮಾಲಿ ಅನ್ವಯಿಸುತ್ತದೆ.”

ಮರುದಿನ ಹಂಪಸಾಗರದ ಯರ್ರೆಪ್ಪನ ಸರದಿ. ಅವನೂ ಹೆಂಡತಿ ದ್ಯಾಮಕ್ಕನೂ ಕಾಳನ್ನು ಗಲಗಲ ಅನ್ನುವಂತೆ ಒಣಗಿಸಿ ತಂದಿದ್ದರು. ಮೊದಲ ದರ್ಜೆ ಸಿಗಲೇಬೇಕು. ಮೊದಲ ಚೀಲಕ್ಕೆ ಸಿಕ್ಕಿತು. ಅಷ್ಟರಲ್ಲಿ ಪಡುವಣದಲ್ಲಿ ಮೋಡ ಕಟ್ಟಿತು.

“ಸಾಹೇಬ್ರ, ಮಳಿ ಬರ್ತೈತ್ರಿ. ಖಾಲಿ ಆಮ್ಯಾಲ ತೂಗ್ರಿ.”

“ಸಾಲು ತಪ್ಪಿದ್ರ ಯಂತ್ರ ನಿಧಾನ ಆಕೈತಿ, ಯರ್ರೆಪ್ಪ. ಇದೆಲ್ಲಾ ನಿನ್ನ ಸಲುವಾಗೇ ಅಲ್ಲೇನು?” ಎಂದರು ಕಾರ್ಯದರ್ಶಿಗಳು.

ಹಮಾಲ ರಫೀಕ್ ಖಾಲಿ ಚೀಲವನ್ನು ಬೆನ್ನು ಬಾಗಿಸಿ, ಭಾರಕ್ಕೆ ತಿಣುಕುವವನಂತೆ ಮುಕ್ಕುತ್ತ ಹೊತ್ತು ತಂದ.

“ಲೇ, ಖಾಲಿ ಚೀಲಕ್ಕ ಯಾಕ ಮುಕ್ಕತೀಯೋ?” ಎಂದಳು ದ್ಯಾಮಕ್ಕ.

“ಮುಕ್ಕದಿದ್ರ ಹಮಾಲಿ ಹೆಂಗ ಕೇಳ್ಲಿ ಯಕ್ಕಾ?”

ಐದನೆಯ ಖಾಲಿಗೆ ಮಳೆ ಬಿತ್ತು. ತಕ್ಕಡಿಗೆ ತಗಡಿನ ಸೂರಿತ್ತು, ಖಾಲಿ ಚೀಲಗಳು ನೆನೆಯಲಿಲ್ಲ. ಅಂಗಳದಲ್ಲಿದ್ದ ಯರ್ರೆಪ್ಪನ ಕಾಳು ನೆನೆಯಿತು. ತೇವ ಪರೀಕ್ಷೆಯಾಗಿ ಅವನ ಉಳಿದ ಚೀಲಗಳು ಮೂರನೆಯ ದರ್ಜೆಗೆ ಇಳಿದವು. ಖಾಲಿ ಚೀಲಗಳಲ್ಲಿ ತೇವವೂ ಇಲ್ಲ, ಕಲ್ಲೂ ಇಲ್ಲ, ಹುಳವೂ ಇಲ್ಲ ಎಂದು ಯಂತ್ರ ಕ್ಷಣದಲ್ಲಿ ತಿಳಿಸಿ, ಅವಕ್ಕೆ ಮೊದಲ ದರ್ಜೆ ಕೊಟ್ಟಿತು.

“ಇಂಥ ಮಾಲು ತರಬೇಕು ನೋಡ್ರಿ,” ಎಂದು ಕಾರ್ಯದರ್ಶಿಗಳು ಎಲ್ಲರಿಗೂ ತೋರಿಸಿದರು.

ಮುಂದಿನ ವಾರ ಯರ್ರೆಪ್ಪ ಕಾಳನ್ನು ಮನೆಯಲ್ಲೇ ಬಿಟ್ಟು, ದ್ಯಾಮಕ್ಕ ಒಗೆದು ಒಣಗಿಸಿದ ಖಾಲಿ ಚೀಲಗಳನ್ನು ಮಡಚಿಕೊಂಡು ಬಂದ. ಆದರೆ ತಡವಾಗಿತ್ತು. ಅವನ ಮುಂದೆ ರಸ್ತೆಯವರೆಗೂ ಜನ ನಿಂತಿದ್ದರು, ಎಲ್ಲರ ಕಂಕುಳಲ್ಲೂ ಖಾಲಿ ಚೀಲ.

ಕೇಳಿದಿರಲ್ಲ, ಇದನ್ನು ನಿಮ್ಮ ಮಗ್ಗುಲ ಮನೆಯವರಿಗೂ ಒಂದು ಮಾತು ಮುಟ್ಟಿಸಿರಿ. ದೇವರು ಒಳ್ಳೆಯದು ಮಾಡಲಿ.